ಚೀಲದ ತಳಕ್ಕೆ ಬಂದ ಬಸ್ಸು

ಮಗ್ಗೆ ಊರಿನ ಆಚೆ, ಗುಡ್ಡಕ್ಕೆ ಡಿಕ್ಕಿ ಹೊಡೆದು ನಿಲ್ಲುವ ರಸ್ತೆಯ ತುದಿಯಲ್ಲಿ ಹೇಮಶ್ರೀಯ ಮನೆ. ಬಸ್ಸು ತಿರುಗಿಸಲು ಜಾಗವಿಲ್ಲವೆಂದು ಡ್ರೈವರುಗಳು ಜನರನ್ನು ಕೆಳಗಿನ ಮುಖ್ಯರಸ್ತೆಯಲ್ಲೇ ಇಳಿಸಿಬಿಡುತ್ತಿದ್ದರು. ಮಂಡಿನೋವಿನ ಅತ್ತೆ ನಾಗರತ್ನಮ್ಮ ಕೂತು ಎದ್ದು, ಕೂತು ಎದ್ದು ಏರು ಹತ್ತುವುದನ್ನು ನೋಡಲು ಹೇಮಶ್ರೀಗೆ ಆಗುತ್ತಿರಲಿಲ್ಲ.

ರಸ್ತೆ ಮುಗಿಯುವಲ್ಲಿದ್ದ ಪಾಳು ನೆಲ ಕುಳ್ಳಯ್ಯನದು. ರಸ್ತೆಗೆ ಅದನ್ನು ಬಿಟ್ಟುಕೊಡೆಂದು ಪಂಚಾಯಿತಿಯವರು ಎಷ್ಟು ಕೇಳಿದರೂ ಅವನು ಜಗ್ಗಿರಲಿಲ್ಲ.

ಹೇಮಶ್ರೀ ದೋಣಿಗಲ್ಲಿನ ಹೋಂಸ್ಟೇಯೊಂದರ ಮ್ಯಾನೇಜರು. ಅಲ್ಲಿಗೆ ಬಂದ ಫ್ರೆಂಚ್ ಹೆಂಗಸೊಬ್ಬಳು ನಿನ್ನ ಮನೆಯೆಲ್ಲಿ ಎಂದು ಕೇಳಿದಾಗ, ಇವಳು ಡೆಡ್ ಎಂಡ್‌ನಲ್ಲಿ ಎಂದಳು. ಆಕೆ ನಕ್ಕು, ಸ್ಟೋರಿನ ಖಾಲಿ ಕಾಫಿ ಚೀಲವೊಂದರೊಳಗೆ ಕೈಯಿಟ್ಟು ತಳ ತಟ್ಟಿದಳು. ಹೊರದಾರಿಯಿಲ್ಲದ ಬೀದಿಗೆ ತಮ್ಮಲ್ಲಿ ಚೀಲದ ತಳ ಎನ್ನುತ್ತಾರೆ, ಇಂಗ್ಲಿಷರ ಕಲ್-ಡಿ-ಸ್ಯಾಕ್ ಅದೇ ಮಾತು ಎಂದಳು. ಅಂಥ ಬೀದಿಗಳ ತುದಿಯನ್ನು ಗಾಡಿ ತಿರುಗಲೆಂದು ದುಂಡಗೆ ಅಗಲಿಸುವುದೂ ಉಂಟಂತೆ.

ಆ ಸಂಜೆಯೇ ಹೇಮಶ್ರೀ ಕುಳ್ಳಯ್ಯನ ಅಂಗಳಕ್ಕೆ ಹೋಗಿ, ಚೀಲದ ತಳದ ಮಾತು ಹೇಳಿ, ಬಸ್ಸು ತಿರುಗುವಷ್ಟು ನೆಲ ಕೇಳಿದಳು. ಮೆಣಸು ಕೇರುತ್ತಿದ್ದವನು ಎಲ್ಲ ಕೇಳಿಸಿಕೊಂಡು, ತಳಕ್ಕೆ ಅವರು ಏನಂತಾರೆ ಎಂದ. ಅವಳು ತುಸು ತಡವರಿಸಿದಳು. ನಾವು ಊರಿ ಕೂರುವ ಭಾಗಕ್ಕೆ ಏನನ್ನುತ್ತೇವೋ ಅದೇ ಪದ ಎಂದಳು.

ಕುಳ್ಳಯ್ಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಚೀಲದ ತಿಕ ಅನ್ನು ಮತ್ತೆ! ತಿಕ ಅಗಲ ಇದ್ರೇನೆ ಕಣವ್ವ ಮೂಟೆ ನೆಟ್ಟಗೆ ಕೂರೋದು."

ಆಮೇಲೆ ಮೊರ ಕೆಳಗಿಟ್ಟ. "ಪಂಚಾಯ್ತಿಯೋರು ಬಂದಾಗೆಲ್ಲ ಡೆಡ್ಡು, ಸತ್ತ ರಸ್ತೆ ಅಂತಿದ್ರು. ಬದುಕಿರೋರ ಮನೆ ಮುಂದೆ ನಿಂತು ಹಂಗನ್ನೋರಿಗೆ ನೆಲ ಯಾಕೆ ಕೊಡ್ಲಿ? ನೀನು ಸರ್ಯಾಗಿ ಕೇಳ್ದೆ. ತಗೊ, ಐತೆ."

ಮಾರನೆಯ ಬೆಳಿಗ್ಗೆ ಅವನೇ ಕತ್ತಿ ಹಿಡಿದು ಬೇಲಿ ಕಡಿಯತೊಡಗಿದ. ಊರಿನವರೂ ಹಾರೆ, ಗುದ್ದಲಿ ತಂದು ಕೈಜೋಡಿಸಿದರು. ಪಂಚಾಯಿತಿ ಜಲ್ಲಿ ಹಾಕಿಸಿತು.

ಮೊದಲ ದಿನ ಡ್ರೈವರ್ ರಾಜೇಶ ಅನುಮಾನದಿಂದಲೇ ಬಸ್ಸು ಹತ್ತಿಸಿದ. ಸ್ಟೀರಿಂಗನ್ನು ಪೂರಾ ಒಂದೇ ಕಡೆಗೆ ಎಳೆದ. ಬಸ್ಸು ಒಂದೇ ಸುತ್ತಿಗೆ, ಹಿಂದೆ ಬಾರದೆ, ಮುಖ ತಿರುಗಿಸಿ ನಿಂತಿತು. ಜನ ಚಪ್ಪಾಳೆ ತಟ್ಟಿದರು. ನಾಗರತ್ನಮ್ಮ ಮನೆಯ ಗೇಟಿನೆದುರಿಗೇ ಇಳಿದು, ಏನೂ ಆಗಿಲ್ಲವೆಂಬಂತೆ ಸೆರಗು ಸರಿಮಾಡಿಕೊಂಡರು.

ಅಷ್ಟರಲ್ಲಿ ಒಗೆದ ಪಂಚೆ ಉಟ್ಟ ಕುಳ್ಳಯ್ಯ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕುಳಿತ. ಎಲ್ಲಿಗೆಂದು ಕಂಡಕ್ಟರ್ ಕೇಳಿದ.

"ಎಲ್ಲಿಗೂ ಇಲ್ಲ ಮಾರಾಯ, ನಮ್ ನೆಲ ಸುತ್ತಿದ ಬಸ್ಸಲ್ಲಿ ಒಂದ್ಸಲ ಕೂರೋಣಂತ. ಕೆಳಗಿನ ಸ್ಟಾಪಿಗೆ ಕೊಡು, ಸಾಕು."