ಕುಯ್ಯದೆ ಇಟ್ಟ ತವರದ ತುಂಡು

ಮೇಷ್ಟ್ರಿಗೆ ತಮ್ಮ ತವರದ ತುಂಡಿನ ಮೇಲಿದ್ದ ಅಕ್ಕರೆ ಹೆತ್ತ ಮಗನ ಮೇಲೂ ಇರಲಿಲ್ಲ ಎಂದು ಮನೆಯವರು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೆಬ್ಬೆರಳಿನಷ್ಟು ದಪ್ಪದ ಆ ತುಂಡು ನಡುಮನೆಯ ಗಾಜಿನ ಕಪಾಟಿನಲ್ಲಿ ಮದುಮಗನ ಹಾಗೆ ಮೆರೆಯುತ್ತಿತ್ತು. ಕರಗಿದ ತವರ ಗಟ್ಟಿ ತವರವನ್ನು ಮುಟ್ಟುವ ಗಡಿಯಲ್ಲಿ ಎಷ್ಟು ಶಕ್ತಿ ಇದೆಯೆಂದು ಅವರು ಅಳೆದು ಹೆಸರು ಮಾಡಿದ್ದು ಅದರಿಂದಲೇ.

ಅದು ತಾಳ್ಮೆ ಬೇಡುವ ಕೆಲಸ. ತವರವನ್ನು ಅರ್ಧ ಮಾತ್ರ ಕರಗಿಸಿ ದಿನಗಟ್ಟಲೆ ಕುಲುಮೆಯಲ್ಲಿ ಅಲುಗದಂತೆ ಇಟ್ಟರೆ, ಗಡಿಯಲ್ಲಿ ಹರಳುಗಳು ಕೂಡುವ ಕಡೆ ಸಣ್ಣ ತೋಡುಗಳು ಬೀಳುತ್ತವೆ. ಥಟ್ಟನೆ ತಣಿಸಿ, ಒಂದು ಮಗ್ಗುಲು ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ತೋಡಿನ ಬಾಗು ನೋಡಬೇಕು. ಜೊತೆಗೆ ಕಾವು ಎಷ್ಟು ದೂರಕ್ಕೆ ಎಷ್ಟು ಇಳಿಯುತ್ತದೆಂದೂ ತಿಳಿಯಬೇಕು. ಅದನ್ನು ಹೇಳುವುದು ಒಳಗೆ ಮೇಲೊಂದು ಕೆಳಗೊಂದು ಹೂತ, ಕಾವು ಅಳೆಯುವ ತಂತಿಗಳು. ಅವುಗಳ ತುದಿ ಕೊನೆಗೆ ಎಲ್ಲಿ ನಿಂತವು, ನಡುವೆ ಎಷ್ಟು ಅಂತರ ಎಂದು ಕುಯ್ದೇ ನೋಡಬೇಕು. ಮೇಷ್ಟ್ರು ಕುಯ್ದಿರಲಿಲ್ಲ. ಅಷ್ಟು ಚೆಂದದ ತುಂಡನ್ನು ಹಾಳುಮಾಡಲು ಮನಸ್ಸು ಬಾರದೆ, ತಾವು ಕೊರೆದ ತೂತುಗಳ ಆಳವನ್ನೇ ನಂಬಿದ್ದರು.

ಸೊಸೆಯೂ ಅದೇ ಕಸುಬಿನವಳು. ಅದೇ ಶಕ್ತಿಯನ್ನು ಅಳೆದಾಗ ಅವಳಿಗೆ ಬಂದ ಅಂಕಿ ಮಾವನದಕ್ಕಿಂತ ಹೆಚ್ಚು. ಮರುದಿನ ವಿಜ್ಞಾನಿಗಳ ಸಭೆಯಲ್ಲಿ ಅವಳು ಅದನ್ನು ಓದಬೇಕಿತ್ತು. ಆ ರಾತ್ರಿ ಮೇಷ್ಟ್ರ ಹಳೆಯ ಸಹೋದ್ಯೋಗಿಗಳು ಊಟಕ್ಕೆ ಬಂದಿದ್ದಾಗ ಅವಳು ಮಾವನ ಕಿವಿಯ ಹತ್ತಿರ ಬಗ್ಗಿದಳು.

“ಮಾವ, ನಿಮ್ಮ ತುಂಡನ್ನ ಒಂದ್ಸಲ ಕುಯ್ದು ನೋಡೋಣ್ವಾ? ನಾವಿಬ್ರೇ.”

ಮೇಷ್ಟ್ರು ಮನೆ ಹಾರಿಹೋಗುವಂತೆ ನಕ್ಕರು. “ಕೇಳಿದ್ರೇನ್ರಪ್ಪಾ! ಲೆಕ್ಕ ತಪ್ಪಿದ್ದು ಸೊಸೇದು, ಗರಗಸ ಮಾವನ ಕುತ್ತಿಗೆಗೆ! ಮೊದ್ಲು ನಿನ್ನ ಕುಲುಮೆ ಸರಿ ಮಾಡ್ಕೊಳಮ್ಮ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸೊಸೆ, “ನಾಳೆ ನಾನು ಓದಲ್ಲ ಬಿಡಿ ಮಾವ” ಎಂದು ಎದ್ದು ಹೋದಳು.

ಬಂದವರನ್ನು ಕಳಿಸಿ ಮೇಷ್ಟ್ರು ಕಪಾಟು ತೆಗೆದರು. ಹಟವೋ ಅಳುಕೋ, ತುಂಡನ್ನು ಜೇಬಿಗಿಳಿಸಿಕೊಂಡು ಸೊಸೆಯ ಪ್ರಯೋಗಾಲಯಕ್ಕೆ ಹೋಗಿ ತಾವೇ ಕುಯ್ದರು. ಕೆಳಗಿನ ತಂತಿ ತೂತಿನ ತಳದಲ್ಲಿರಲೇ ಇಲ್ಲ. ಮೇಲಕ್ಕೆ ಸರಿದು ಇನ್ನೊಂದರ ಹತ್ತಿರಕ್ಕೆ ಬಂದು ನಿಂತಿತ್ತು. ನಿಜವಾದ ಅಂತರ ಹಾಕಿ ಲೆಕ್ಕ ಮಾಡಿದರೆ ಬಂದದ್ದು ಸೊಸೆಯ ಅಂಕಿಯೇ. ಮೇಷ್ಟ್ರ ಕಿವಿಗಳು ಬಿಸಿಯಾದವು. ಅಂಕಿ ತಪ್ಪಿದ್ದಕ್ಕಿಂತ ಆ ನಗು ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದರು.

ಇನ್ನು ಬೇಡವೆಂದು ತನ್ನ ಕುಲುಮೆ ಆರಿಸಲು ಸೊಸೆ ಒಳಗೆ ಬಂದಳು.

“ಆರಿಸ್ಬೇಡಮ್ಮ. ತಪ್ಪು ನಂದು. ನಾಳೆ ನೀನು ಓದ್ಲೇಬೇಕು. ಈ ತುಂಡನ್ನ ಎಲ್ಲರ ಮುಂದೆ ನಾನೇ ತೋರಿಸ್ತೀನಿ.”

ಕುಯ್ದ ಹೋಳುಗಳನ್ನು ಚಾಚಿದರು. ಅವಳು ಅತ್ತ ಕಣ್ಣೂ ಹಾಯಿಸಲಿಲ್ಲ.

“ನೋಡಲ್ವೇನಮ್ಮ?”

“ನೋಡಿದೀನಿ ಮಾವ. ಹೋದ ವಾರ ಕಪಾಟು ಒರೆಸೋ ನೆಪದಲ್ಲಿ ಇಲ್ಲಿಗೆ ತಂದು ಎಕ್ಸ್‌ರೇ ತೆಗೆದೆ.”

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?”

“ನಾನು ಹೇಳಿದ್ರೆ ನಿಮಗೆ ಅವಮಾನ. ನೀವೇ ಕುಯ್ದು ನೋಡಿದ್ರೆ ನೀವೇ ಕಂಡುಹಿಡಿದ ಹಾಗಾಗುತ್ತೆ ಅಂತ... ಅದಕ್ಕೇ ಮೆಲ್ಲಗೆ ಕೇಳ್ದೆ.”

“ನಾವಿಬ್ರೇ” ಎಂದಿದ್ದಳು. ಇಬ್ಬರಲ್ಲೇ ಉಳಿಯಬೇಕಿದ್ದ ಆ ಮಾತನ್ನು ಮೇಷ್ಟ್ರು ಊಟಕ್ಕೆ ಬಂದವರಿಗೆಲ್ಲ ಬಡಿಸಿ ನಗಿಸಿದ್ದರು. ಹೋಳುಗಳನ್ನು ಹಿಡಿದ ಕೈ ಹಾಗೇ ಚಾಚಿಕೊಂಡಿತ್ತು. ಅವಳ ಮುಖ ನೋಡಲು ಅವರಿಂದ ಆಗಲಿಲ್ಲ.