ಐದನೇ ಹೆಸರು

ಮೇಣ ಕರಗೋ ವಾಸನೆ, ಮುಂದೆ ಕೂತಿರೋ ಹೆಂಗಸಿನ ಮುಡೀಲಿ ಬಾಡಿದ ಸೇವಂತಿಗೆ, ತಳಿ ಊರಿನ ಸಂತೇದೇ ಇರ್ಬೇಕು, ಚರ್ಚಿನ ನೆಲ ತಣ್ಣಗೈತೆ, ಕಾಲು ಜೋಮು ಹಿಡಿದೈತೆ — ಜೋಮು ಕಾಲಿಗೊಂದೇ ಏನು, ಎರಡು ವರ್ಷದಿಂದ ಎಲ್ಲಾ ಹಿಂಗೇ, ಸಾರಿಗೆ ಉಪ್ಪು ಹಾಕಿದ್ನೋ ಇಲ್ವೋ ನಾಲಿಗೆಗೆ ಗೊತ್ತಾಗಲ್ಲ, ಪಕ್ಕದಲ್ಲಿ ಅತ್ತೆ ದೊಡ್ಡಮುನಿಯಮ್ಮ ನನ್ನ ಸೆರಗಿನ ತುದಿ ಹಿಡ್ಕೊಂಡು ಕೂತವ್ಳೆ, ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆ ಬಿಟ್ರೆ ಅವಳಿಗೆ ಬೇರೇನೂ ಕಾಣಲ್ಲ, ಏನೇ ನರಸೀ, ಮಿಲಿಟ್ರಿ ದೊರೆ ಬಂದ್ನಾ, ಇನ್ನೂ ಇಲ್ಲ ಅತ್ತೆ, ಬಂದ್ರೆ ಕೇಳು, ಯುದ್ಧ ಮುಗಿದು ವರ್ಷ ಆಯ್ತು, ನನ್ನ ಮಗನ್ನ ಯಾವಾಗ ಬಿಡ್ತೀರಿ ಅಂತ ಕೇಳು, ಕೇಳ್ತೀನಿ ಅತ್ತೆ. ಗೋಡೆಗೆ ಬಿಳೀ ಬಟ್ಟೆ ಇಳಿಬಿಟ್ಟವ್ರೆ, ಅದರ ಹಿಂದೆ ಕಲ್ಲು, ಕಲ್ಲಿನ ಮೇಲೆ ಏಳು ಹೆಸರು, ಸುತ್ತಿನ ಹಳ್ಳಿಗಳಿಂದ ಯುದ್ಧಕ್ಕೆ ಹೋಗಿ ಸತ್ತೋರದು, ಐವರು ಈ ಚರ್ಚಿನ ಕೇರಿಯೋರು, ಇಬ್ಬರು ನಮ್ಮಂಥೋರು, ಎಲ್ಲಾ ಒಂದೇ ಲಾರಿ ಹತ್ತಿ ಹೋದೋರಮ್ಮ, ಒಂದೇ ಕಲ್ಲಲ್ಲಿ ಇರ್ಲಿ ಅಂದಿದ್ರು ಪಾದ್ರಿ ಸಾಮಿ, ಐದನೇದು ನನ್ನ ಗಂಡಂದು, ಅತ್ತೆಗೆ ಗೊತ್ತಿಲ್ಲ.

ತಂತಿ ಬಂದ ದಿವಸ ಜವಳಗಿರಿ ಕಾಡಿಂದ ಆನೆ ಇಳಿದು ನಮ್ಮ ರಾಗಿ ಹೊಲ ತುಳಿದು ಹೋಗಿತ್ತು, ಅತ್ತೆ ಮುರಿದ ತೆನೆ ತಡವಿ ತಡವಿ ಅಳ್ತಾವ್ಳೆ, ಡೆಂಕಣಿಕೋಟೆಯಿಂದ ಮೈದುನ ನಾರಾಯಣಪ್ಪ ಬಂದು ಬದುವಿನ ಹತ್ರ ನನ್ನ ಕರೀತಾನೆ, ಅತ್ತಿಗೆ, ಅಣ್ಣ ಹೋಗ್ಬುಟ್ಟ, ಬರ್ಮಾ ಕಡೆ, ಹೊಳೆ ದಾಟೋವಾಗ, ಅವ್ವಂಗೆ ಈಗ್ಲೇ ಹೇಳ್ಬ್ಯಾಡ, ಈ ಸುಗ್ಗಿ ಕಳೀಲಿ, ಹೂಂ ಅಂದೆ, ಹೂಂ ಅಂದು ಹೋಗಿ ಬಿದ್ದ ತೆನೆ ಆಯ್ದೆ, ಅಳಬ್ಯಾಡ ಬಿಡೇ, ರಾಗಿ ಬರೋ ವರ್ಷ ಬೆಳೀತೈತೆ ಅಂದ್ಳು ಅತ್ತೆ, ನಾನು ಅಳ್ತಿರ್ಲಿಲ್ಲ, ಮೂಗು ಸೋರ್ತಿತ್ತು ಅಷ್ಟೇ. ಆ ಸುಗ್ಗಿ ಕಳೀತು, ಇನ್ನೊಂದೂ ಕಳೀತು, ಮೈದುನನ ಬಾಯಿ ತೆರೀಲಿಲ್ಲ, ನಂದೂ ತೆರೀಲಿಲ್ಲ, ಬಳೆ ಸದ್ದು ನಿಂತ್ರೆ ಅತ್ತೆಗೆ ತಿಳೀತೈತೆ ಅಂತ ಕೈತುಂಬಾ ಬಳೆ, ಬಾವಿ ಹತ್ರ ಹೆಂಗಸ್ರು ನನ್ನ ಹಣೆ ಕುಂಕುಮ ನೋಡಿ ಮುಖ ತಿರುಗಿಸ್ತಾರೆ, ನಾರಾಯಣಪ್ಪ ಅಣ್ಣನ ಹಳೇ ಕಾಗದಾನೇ ತೆಗೆದು ಹೊಸದು ಬಂತು ಅಂತ ಓದ್ತಾನೆ, ಹೇಸರಗತ್ತೆ ಮೇಲೆ ಸಾಮಾನು ಹೇರಿ ಬೆಟ್ಟ ಹತ್ತಿಸೋದೇ ಕೆಲಸ ಅವ್ವ, ಇಲ್ಲಿ ನನ್ನ ಕನ್ನಡ ತಿಳಿಯೋದು ಆ ಹೇಸರಗತ್ತೆಗೊಂದೇ, ಅತ್ತೆ ನಗ್ತಾಳೆ, ಪ್ರತೀ ಸಲ ನಗ್ತಾಳೆ, ಅದೇ ಜಾಗದಲ್ಲಿ. ಮೊನ್ನೆ ಚರ್ಚಿನ ಗಂಟೆ ಹೊಡೆಯೋ ಚಿನ್ನಪ್ಪ ಬಂದು, ಮಿಲಿಟ್ರಿಗೆ ಹೋದೋರ ಮನೆಯೋರೆಲ್ಲಾ ಬರ್ಬೇಕಂತೆ ಅಂದ, ನಾನೂ ಬತ್ತೀನಿ ಅಂದ್ಳು ಅತ್ತೆ, ನಾರಾಯಣಪ್ಪ ಕಣ್ಣಲ್ಲೇ ಬ್ಯಾಡ ಅಂದ, ನಾನು ಬಾ ಅತ್ತೆ ಅಂದೆ, ಯಾಕಂದೆ — ಬೇರೆ ಯಾರಾದ್ರೂ ಹೇಳ್ಬುಡ್ಲಿ ಅಂತ, ನನ್ನ ಬಾಯಿಂದ ಆಗಲ್ಲ ಅಂತ, ನಾರಾಯಣಪ್ಪನೂ ಹಿಂದೆ ಬಂದ, ನಾನು ನಾಕು ಮೈಲಿ ಅತ್ತೆ ಕೈಹಿಡಿದು ನಡೆಸ್ಕೊಂಡು ಬಂದೆ, ದಾರೀಲಿ ಕಲ್ಲೈತೆ ಅತ್ತೆ, ನೋಡ್ಕೊಂಡು, ನಿಧಾನ, ಅಂತ ಹೇಳ್ಕೊಂಡು ಬಂದೆ.

ಗಂಟೆ. ಬಟ್ಟೆ ಸರೀತು, ಕಲ್ಲು ಕಪ್ಪಗೈತೆ, ಪಾದ್ರಿ ಸಾಮಿ ಒಂದೊಂದೇ ಹೆಸರು ಓದ್ತಾರೆ, ಒಂದೊಂದಕ್ಕೂ ಚಿನ್ನಪ್ಪ ಒಂದೊಂದು ಗಂಟೆ ಹೊಡೀತಾನೆ, ಎರಡು, ಮೂರು, ಮುಂದಿನ ಹೆಂಗಸು ಮುಖ ಮುಚ್ಕೊಂಡ್ಳು, ನಾಲ್ಕು, ಜವಳಗಿರಿ ಆವುಲಪ್ಪ — ಇಲ್ಲ ಸಾಮಿ, ಅತ್ತೆ ಎದ್ದು ನಿಂತವ್ಳೆ, ಇಸ್ಕೂಲಲ್ಲಿ ಹಾಜರಿ ಕೂಗಿದಂಗೆ ಕೇಳಿಸಿರ್ಬೇಕು ಅವಳಿಗೆ, ಅವನಿನ್ನೂ ಬಂದಿಲ್ಲ ಸಾಮಿ, ನಾನು ಅವನ ತಾಯಿ, ನಾನು ಬಂದಿವ್ನಿ, ಗಂಟೆ ಹೊಡೀಲಿಲ್ಲ, ಪಾದ್ರಿ ಸಾಮಿ ನನ್ನ ಕಡೆ ನೋಡ್ತಾರೆ, ಎಲ್ರೂ ನನ್ನ ಕಡೆ ನೋಡ್ತಾರೆ, ಯಾರೂ ಹೇಳಲ್ಲ, ಮದುವೆ ಆದಾಗ್ಲಿಂದ ಗಂಡನ ಹೆಸರು ಒಂದ್ಸಲಾನೂ ಬಾಯಲ್ಲಿ ಅಂದೋಳಲ್ಲ ನಾನು, ಆವುಲಪ್ಪ ಬರಲ್ಲ ಅತ್ತೆ, ನನ್ನ ದನಿ ಯಾರದೋ ಇದ್ದಂಗೈತೆ, ಆವುಲಪ್ಪ ಸತ್ತೋದ, ಎರಡು ವರ್ಷ ಆಯ್ತು, ಈ ಕಲ್ಲಲ್ಲಿ ಸತ್ತೋರ ಹೆಸರು ಬರ್ದವ್ರೆ. ಅತ್ತೆ ಕೂಗ್ತಾಳೆ ಅನ್ಕೊಂಡೆ, ಎದೆ ಬಡ್ಕೊಳ್ತಾಳೆ ಅನ್ಕೊಂಡೆ, ನನ್ನ ಕೆನ್ನೆಗೆ ಹೊಡೀತಾಳೆ ಅನ್ಕೊಂಡೆ, ಹೊಡೀಲಿ ಅನ್ಕೊಂಡೆ, ಅವಳು ನನ್ನ ಸೆರಗು ಬಿಟ್ಳು, ಎಲ್ಲೈತೆ ತೋರ್ಸು ಅಂದ್ಳು, ಜನ ದಾರಿ ಬಿಟ್ರು, ಅವಳ ಬೆರಳು ಹಿಡಿದು ಐದನೇ ಸಾಲಿನ ಮೇಲೆ ಇಟ್ಟೆ, ಆ ಕೊನೆಯಿಂದ ಈ ಕೊನೆಗೆ ಒಂದೊಂದೇ ಅಕ್ಷರ ಸವರಿದ್ಳು, ಸಾಲು ಮುಗೀತು, ಬೆರಳು ಬರೀ ಕಲ್ಲಿಗೆ ಬಂತು, ಇಷ್ಟೇನಾ ನರಸೀ, ಇಷ್ಟೇ ಅತ್ತೆ.

ಈಗ ದಾರೀಲಿದೀವಿ, ಬಿಸಿಲು ನೆತ್ತಿಗೆ ಬಂದೈತೆ, ನಾರಾಯಣಪ್ಪ ಮುಂದೆ ಮುಂದೆ, ಹಿಂದೆ ತಿರುಗಿ ನೋಡಲ್ಲ, ಅತ್ತೆ ಎಡಗೈ ನನ್ನ ಕೈಲೈತೆ, ಬಲಗೈ ಬೆರಳನ್ನ ಮಾತ್ರ ಮೇಲಕ್ಕೆ ಎತ್ತಿ ಹಿಡಿದವ್ಳೆ, ಕೆತ್ತಿದೋನು ಅಕ್ಷರದ ಒಳಗೆ ಸರಿಯಾಗಿ ಒರೆಸಿರ್ಲಿಲ್ಲ, ತುದೀಲಿ ಕಲ್ಲಿನ ಪುಡಿ ಅಂಟೈತೆ, ಬಿಳೀ ಪುಡಿ, ಬೆವರು ಒರೆಸೋಕೂ ಆ ಕೈ ತರಲ್ಲ, ಎಡವಿದ್ರೂ ಇಳಿಸಲ್ಲ, ಅತ್ತೆ ಕೈ ಇಳಿಸು, ನೋಯ್ತೈತೆ, ಇಳಿಸಲ್ಲ, ಒಂದು ಮೈಲಿ, ಎರಡು ಮೈಲಿ, ಆ ಬೆರಳು, ಗಾಳಿ ಬಂದ್ರೆ ಇನ್ನೊಂದು ಕೈ ಬಿಡಿಸ್ಕೊಂಡು ಅಡ್ಡ ಹಿಡೀತಾಳೆ, ಬೆರಳು, ಬೆರಳ ತುದೀಲಿ ಬಿಳೀ ಪುಡಿ