ಯಾವ ಪಾತ್ರ ಬೇಡ?

ನಮ್ಮ ದೊಡ್ಡಪ್ಪ ಬೀಗ ಒಡೆಯುವ ಮುಂಚೆ ಬೀಗದ ಹತ್ತಿರ ಕ್ಷಮೆ ಕೇಳುತ್ತಾರೆ. ತಮಾಷೆಯಲ್ಲ, ನಿಜ. ಕೀಲಿ ಕಳೆದುಕೊಂಡವರು ಬಾಗಿಲ ಮುಂದೆ ಕೈ ಹಿಸುಕಿಕೊಳ್ಳುತ್ತ ನಿಂತಿರುತ್ತಾರೆ. ಇವರು ಚೀಲ ಕೆಳಗಿಟ್ಟು, ಮಂಡಿಯೂರಿ, ಬೀಗದ ತೂತಿನ ಹತ್ತಿರ ಬಾಯಿ ತಂದು, “ಕ್ಷ-ಕ್ಷ-ಕ್ಷಮಿಸು ಕಣಮ್ಮಾ” ಅನ್ನುತ್ತಾರೆ. ಆ ‘ಕ್ಷ’ ದಾಟುವಷ್ಟರಲ್ಲಿ ಮನೆಯವರಿಗೆ ಕೀಲಿ ಸಿಕ್ಕಿಬಿಟ್ಟದ್ದೂ ಉಂಟು.

ಅವರ ಅಂಗಡಿ ಅಂದರೆ ಎರಡು ಕಟ್ಟಡಗಳ ನಡುವಿನ ಸಂದು. ಒಂದು ಕೀಲಿ ಕೊರೆಯುವ ಯಂತ್ರ, ಗೋಡೆ ತುಂಬ ಮೊಳೆ, ಮೊಳೆಗೊಂದರಂತೆ ಇನ್ನೂ ಹಲ್ಲು ಬರದ ಕೀಲಿಗಳು. ಸಂಜೆ ಮನೆಗೆ ಬಂದಾಗ ಅವರ ರೆಪ್ಪೆಯ ಮೇಲೆ ಹಿತ್ತಾಳೆ ಪುಡಿ ಮಿನುಗುತ್ತಿರುತ್ತದೆ. ಕಾಲೇಜಿಗೆಂದು ನಾನು ಅವರ ಮನೆಯಲ್ಲಿ ಇರಲು ಬಂದ ದಿನವೇ ನನಗೆ ‘ಗುಂಡುಪಿನ್ನು’ ಎಂದು ಹೆಸರಿಟ್ಟರು. ಕರೆಯಲು ತಮಗೇ ಆಗದ ಹೆಸರು. “ಗು-ಗು-ಗು” ಅನ್ನುವಷ್ಟರಲ್ಲಿ ನಾನು ಬಂದು ನಿಂತಿರುತ್ತಿದ್ದೆ.

ಅವರ ಮಾತನ್ನು ಎಲ್ಲರೂ ಮಧ್ಯದಲ್ಲೇ ಕಸಿದುಕೊಂಡು ತಾವೇ ಮುಗಿಸುತ್ತಾರೆ. ಗಿರಾಕಿಗಳು, ಪಕ್ಕದ ಜೆರಾಕ್ಸ್ ಅಕ್ಕ, ನಾನು. ಕಸಿಯದವರು ದೊಡ್ಡಮ್ಮ ಒಬ್ಬರೇ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಅವರು ಗಂಡನ ಮುಖ ನೋಡುತ್ತ ನಿಂತಿರುತ್ತಾರೆ. ಮಾತು ಮುಗಿದ ಮೇಲೆಯೇ ಒಲೆ ಆರಿಸುವುದು.

ದೊಡ್ಡಮ್ಮ ಲಾಂಡ್ರಿ ಅಂಗಡಿಯ ಕೌಂಟರಿನಲ್ಲಿ ಕೂರುತ್ತಾರೆ. ಬಟ್ಟೆ ಬಿಡಿಸಿ, ಕಲೆ ನೋಡಿ, ಇದು ಎಣ್ಣೆ, ಇದು ತುಕ್ಕು ಎಂದು ಚೀಟಿ ಬರೆದು ಪಿನ್ನು ಚುಚ್ಚುವುದು ಅವರ ಕೆಲಸ. ಅಲ್ಲೇ ಕೂತು, ಹಳೆಯ ಚೀಟಿಗಳ ಹಿಂಬದಿಯಲ್ಲಿ, ನಾಲ್ಕು ವರ್ಷ ತೆಗೆದುಕೊಂಡು ಒಂದು ಕಾದಂಬರಿ ಬರೆದರು. ‘ಆಡು ಹತ್ತಿದ ಮೋಡ’. ಹತ್ತು ವರ್ಷದ ಹುಡುಗಿಯೂ ಬಾಯಿಬಡುಕ ಆಡೂ ಕಳೆದುಹೋದ ಮೋಡವನ್ನು ಹುಡುಕಿ ಹೊರಡುವ ಕತೆ. ದಾರಿಯಲ್ಲಿ ಒಂದು ಕೋಟೆ, ಅದರ ಬಾಗಿಲಿಗೊಬ್ಬ ಉಗ್ಗುವ ದೈತ್ಯ. ಬಾಗಿಲು ತೆರೆಯುವ ಮುಂಚೆ ಅವನು ಬಾಗಿಲಿಗೆ ಕ್ಷಮೆ ಕೇಳುತ್ತಾನೆ. ಯಾರು ಅವನ ಮಾತು ಮುಗಿಯುವವರೆಗೂ ಸುಮ್ಮನೆ ಕಾಯುತ್ತಾರೋ ಅವರಿಗೆ ಮಾತ್ರ ಬಾಗಿಲು ತೆರೆಯುತ್ತದೆ.

ದೈತ್ಯ ಯಾರು ಎಂದು ಬೀದಿಗೆಲ್ಲ ಗೊತ್ತಾಯಿತು. ದೊಡ್ಡಪ್ಪನೇ ಹೇಳಿಕೊಂಡು ತಿರುಗಿದರು. ಪುಸ್ತಕ ಸಿನಿಮಾ ಆಗುತ್ತದೆ ಎಂದಾದ ಮೇಲಂತೂ ಕೇಳಲೇಬೇಡಿ. ಕೀಲಿ ಮಾಡಿಸಲು ಬಂದವರಿಗೆಲ್ಲ “ಅ-ಅ-ಅದರಲ್ಲಿ ನಾ-ನಾನಿದೀನಿ” ಅನ್ನುತ್ತಿದ್ದರು. ಜೀವನದಲ್ಲಿ ಮೊದಲ ಸಲ ತಾವಾಗಿ ಮಾತು ಶುರು ಮಾಡುತ್ತಿದ್ದರು. ಮೊದಲ ದಿನದ ಆಟಕ್ಕೆ ಇಡೀ ಬೀದಿಯನ್ನು ಕರೆದೊಯ್ಯುವುದೆಂದು ತೀರ್ಮಾನವಾಗಿತ್ತು. ಜೆರಾಕ್ಸ್ ಅಕ್ಕ, ಕನ್ನಡಕದ ಅಂಗಡಿಯವರು, ಚಪ್ಪಲಿ ಹೊಲಿಯುವ ಅಜ್ಜ, ಎಲ್ಲರೂ.

ಸಿನಿಮಾ ಬಿಡುಗಡೆಗೆ ಮುಂಚೆ ಒಂದು ಮಧ್ಯಾಹ್ನ ನೂರ ನಲವತ್ತು ಜನರಿಗೆ ತೋರಿಸಿ ಅಭಿಪ್ರಾಯ ಕೇಳುತ್ತಾರಂತೆ. ಬರೆದವರನ್ನು ಅದಕ್ಕೆ ಕರೆಯುವುದಿಲ್ಲ. ಅವರ ಮುಖ ನೋಡಿದರೆ ಜನ ನಿಜ ಹೇಳುವುದಿಲ್ಲವಲ್ಲ. ಪ್ರೇಕ್ಷಕರಿಗೆ ಹಳದಿ ಕಾರ್ಡು ಹಂಚಿ, ತುಂಬಿಸಿ, ವಾಪಸ್ಸು ತರುವ ಕೆಲಸ ದೊಡ್ಡಮ್ಮನ ಮಾತಿನ ಮೇಲೆ ನನಗೆ ಸಿಕ್ಕಿತು. ಖಾಲಿ ಸೀಟು ತುಂಬಿಸಲು ನಮ್ಮ ಕ್ಲಾಸಿನ ಹನ್ನೊಂದು ಜನರನ್ನು ಎಳೆದುಕೊಂಡು ಹೋದೆ.

ಸಿನಿಮಾ ಮಜವಾಗಿತ್ತು. ಆಡು ಬಾಯಿ ಬಿಟ್ಟರೆ ಸಾಕು, ಜನ ನಗುತ್ತಿದ್ದರು. ಆಮೇಲೆ ದೈತ್ಯ ಬಂದ. ಬಗ್ಗಿದ, ಮಂಡಿಯೂರಿದ, ಬಾಗಿಲಿಗೆ ಬಾಯಿ ತಂದ.

“ಲೇ, ನಿಮ್ಮ ದೊಡ್ಡಪ್ಪ ಕಣೇ!” ಎಂದ ಲಂಬು, ನಮ್ಮ ಕ್ಲಾಸಿನ ಅತಿ ಉದ್ದದ ಪ್ರಾಣಿ. “ಹೊಟ್ಟೆ ಸಮೇತ!”

“ಮಾಡಿ ತೋರ್ಸೇ, ಮಾಡಿ ತೋರ್ಸೇ” ಎಂದು ಪಕ್ಕದವಳು ತಿವಿದಳು.

ನಾನು ಮಾಡಿ ತೋರಿಸಿದೆ. ದೊಡ್ಡಪ್ಪನ ಅಣಕು ನನ್ನಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ. ಕಣ್ಣು ಮುಚ್ಚಿ, ಗದ್ದ ನಡುಗಿಸಿ, ಕೊನೆಗೆ ಮಾತು ಹೊರಬಿದ್ದಾಗ ಅವರು ನಗುವ ಆ ಪುಟ್ಟ ನಗು ಸಮೇತ. ನಮ್ಮ ಸಾಲಿನವರೆಲ್ಲ ಹೊಟ್ಟೆ ಹಿಡಿದುಕೊಂಡರು.

ಆಟ ಮುಗಿದು ಕಾರ್ಡು ಹಂಚಿದೆ. ಮೂರನೇ ಪ್ರಶ್ನೆ: ಯಾವ ಪಾತ್ರ ಬೇಡ?

“ಎಲ್ರೂ ದೈತ್ಯ ಅಂತ ಬರೀರೋ” ಎಂದೆ. “ಮಜಾ ಇರತ್ತೆ.”

“ಪಾಪ ಕಣೇ” ಎಂದಳು ಪಕ್ಕದವಳು, ಬರೆಯುತ್ತಲೇ.

ಇದ್ದದ್ದು ನನ್ನ ಒಂದು ಹಸಿರು ಪೆನ್ನು. ಅದೇ ಸಾಲಿನುದ್ದಕ್ಕೂ ಕೈಯಿಂದ ಕೈಗೆ ಹೋಗಿ, ಲೀಕಾಗುತ್ತ ನನ್ನ ಜೇಬಿಗೆ ವಾಪಸ್ಸು ಬಂತು. ನಾನು ನನ್ನ ಕಾರ್ಡಿನಲ್ಲಿ ಬರೆದೆ: ‘ಈ ದೈ-ದೈ-ದೈತ್ಯನ ಮಾ-ಮಾತು ಮುಗಿಯುವಷ್ಟರಲ್ಲಿ ನನಗೆ ಮ-ಮದುವೆಯಾಗಿ ಮೊ-ಮೊಮ್ಮಕ್ಕಳಾಗಿರ್ತಾರೆ.’

ಹಿಂದಿನ ಕೋಣೆಯಲ್ಲಿ ನಿರ್ದೇಶಕರೂ ಎಡಿಟರ್ ಮೇಡಮ್ಮೂ ಕಾರ್ಡುಗಳನ್ನು ಟೇಬಲ್ಲಿನ ಮೇಲೆ ಸುರಿದುಕೊಂಡು ಪಾತ್ರಕ್ಕೊಂದು ಗುಡ್ಡೆ ಮಾಡಿದರು. ನಾನು ಖಾಲಿ ಪೆಟ್ಟಿಗೆ ಹಿಡಿದು ನಿಂತಿದ್ದೆ. ಮೇಡಂ ನನ್ನ ಕಾರ್ಡನ್ನೇ ಎತ್ತಿಕೊಂಡು ಗಟ್ಟಿಯಾಗಿ ಓದಿದರು. ನಿರ್ದೇಶಕರು ಕುಡಿಯುತ್ತಿದ್ದ ಚಹಾ ಮೂಗಿನಿಂದ ಬಂತು. “ಇನ್ನೊಂದ್ಸಲ ಓದಿ” ಎಂದರು. ನನ್ನ ಎದೆ ಉಬ್ಬಿತು. ನಾನು ಬರೆದದ್ದನ್ನು ದೊಡ್ಡವರು ಯಾರೂ ಅದುವರೆಗೆ ಎರಡು ಸಲ ಓದಿರಲಿಲ್ಲ.

“ಹನ್ನೆರಡು ನಿಮಿಷ ಕಮ್ಮಿ ಮಾಡ್ಲೇಬೇಕು” ಎಂದರು ನಿರ್ದೇಶಕರು, ಮೂಗು ಒರೆಸಿಕೊಳ್ಳುತ್ತ. “ಆಡಿನ ಹಾಡು ತೆಗೀಬೇಕು, ಇಲ್ಲ ದೈತ್ಯನ್ನ. ಎಣಿಸಿ.”

ಬೇಡ ಎಂದವರು ಆಡಿಗೆ ಮೂವತ್ತಮೂರು. ದೈತ್ಯನಿಗೆ ನಲವತ್ತೊಂದು.

ನಮ್ಮ ಹನ್ನೆರಡು ಕಳೆದರೆ ಇಪ್ಪತ್ತೊಂಬತ್ತು. ಈ ಲೆಕ್ಕ ನನ್ನ ತಲೆಯಲ್ಲಿ ಆಗಲೇ ಆಗಿಹೋಯಿತು.

“ಇದೇನ್ರೀ, ಇಷ್ಟೊಂದು ಹಸಿರು?” ಎಂದರು ಮೇಡಂ.

“ಪೆನ್ನಿಲ್ದೋರಿಗೆ ನಾನೇ ಕೊಟ್ಟೆ ಮೇಡಂ.”

“ಜಾಣೆ” ಎಂದರು.

ಒಂದೇ ಒಂದು ಮಾತು ಸಾಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆಗಷ್ಟೇ ಜಾಣೆ ಅನ್ನಿಸಿಕೊಂಡಿದ್ದೆನಲ್ಲ. ನೆಲದ ಮೇಲೆ ಬಿದ್ದಿದ್ದ ಒಂದು ಕಾರ್ಡನ್ನು ಎತ್ತಿ ನೋಡಿದೆ. ಯಾವುದೋ ಮಗುವಿನ ಸೊಟ್ಟ ಅಕ್ಷರ: ‘ದೈತ್ಯ ಮಾತು ಮುಗಿಸಿದಾಗ ನಾನು ಚಪ್ಪಾಳೆ ಹೊಡೆದೆ.’ ಅದನ್ನು ಗುಡ್ಡೆಯ ಕೆಳಗೆ ಸೇರಿಸಿದೆ.

ಎರಡು ದಿನ ಬಿಟ್ಟು ಆ ಕಾರ್ಡುಗಳ ಕಟ್ಟು ದೊಡ್ಡಮ್ಮನ ಕೈಗೆ ಬಂತು. ಜನ ಹೇಳಿದ್ದನ್ನು ನೀವೇ ಓದಿಕೊಳ್ಳಿ ಎಂದು ನಿರ್ದೇಶಕರೇ ಕಳಿಸಿಕೊಟ್ಟಿದ್ದರು. ದೊಡ್ಡಮ್ಮ ಬಚ್ಚಲಲ್ಲಿ ನನ್ನ ಅಂಗಿ ಉಜ್ಜುತ್ತ ಕೂತಿದ್ದರು. ಬಕೆಟ್ಟಿನ ಪಕ್ಕ ಒಣಗಿದ ನೆಲದಲ್ಲಿ ಆ ಕಟ್ಟು.

“ದೈತ್ಯನ್ನ ಪೂರ್ತಿ ತೆಗೆದ್ರಂತೆ” ಎಂದರು.

“ಅಯ್ಯೋ, ಹೌದಾ?”

“ನೀನೇ ಅಲ್ವಾ ಕಾರ್ಡು ಹಂಚಿದ್ದು? ಜನ ನಿಜವಾಗ್ಲೂ ಹಾಗೇ ಅಂದ್ರಾ?”

“ಏನ್ ಮಾಡೋದು ದೊಡ್ಡಮ್ಮ, ಜನಕ್ಕೆ ತಾಳ್ಮೆ ಇಲ್ಲ.”

ಅವರು ಅಂಗಿಯ ಜೇಬನ್ನು ಬೆಳಕಿಗೆ ಹಿಡಿದರು. ಹಸಿರು, ಅಂಗೈಯಗಲ. ಅದನ್ನು ನೋಡಿದರು, ಮೇಲಿನ ಕಾರ್ಡನ್ನು ನೋಡಿದರು. ದಿನಕ್ಕೆ ಇನ್ನೂರು ಬಟ್ಟೆಯ ಕಲೆ ಓದುವ ಹೆಂಗಸು.

“ಇದು ಹೋಗಲ್ಲ” ಎಂದು ಅಂಗಿಯನ್ನು ನನ್ನ ಕೈಗೆ ಕೊಟ್ಟರು, ಹಿಂಡದೆ, ನೀರು ಸುರಿಯುತ್ತಿದ್ದ ಹಾಗೆಯೇ. “ಅವರಿಗೆ ನೀನೇ ಹೇಳು. ಸಿನಿಮಾಕ್ಕೆ ಮುಂಚೆ ಹೇಳು. ಬೀದಿಯವರ ಮುಂದೆ ಬೇಡ.”

“ಹೇಳ್ತೀನಿ.”

ಹೇಳಬೇಕೆಂದು ಎರಡು ಸಲ ಅಂಗಡಿಗೆ ಹೋದೆ. ಮೊದಲ ಸಲ ಯಂತ್ರದ ಸದ್ದು ಜೋರಾಗಿತ್ತು. ಎರಡನೇ ಸಲ ಅವರು ಹೊಸ ಅಂಗಿ ತೋರಿಸಿ, “ಗು-ಗುಂಡುಪಿನ್ನು, ದೈ-ದೈತ್ಯನಿಗೆ ಒ-ಒಪ್ಪತ್ತಾ?” ಎಂದರು. “ಸೂಪರ್ ದೊಡ್ಡಪ್ಪ” ಎಂದು ಬಂದುಬಿಟ್ಟೆ. ದೊಡ್ಡಮ್ಮ ದಿನಾ ನನ್ನ ಮುಖ ನೋಡುತ್ತಿದ್ದರು. ಕೇಳಲಿಲ್ಲ. ಕಾಯುವುದು ಅವರಿಗೆ ಅಭ್ಯಾಸ.

ಮೊದಲ ದಿನ, ಬೆಳಗಿನ ಆಟ. ಬೀದಿಯವರು ಒಂದಿಡೀ ಸಾಲು ಹಿಡಿದರು. ನಡುವೆ ಹೊಸ ಅಂಗಿಯ ದೊಡ್ಡಪ್ಪ, ಒಂದು ಕಡೆ ದೊಡ್ಡಮ್ಮ, ಇನ್ನೊಂದು ಕಡೆ ನಾನು.

ಕೋಟೆ ಬಂತು. ದೊಡ್ಡಪ್ಪ ಸೀಟಿನ ತುದಿಗೆ ಜರುಗಿ ಚಪ್ಪಲಿ ಅಜ್ಜನ ತೊಡೆ ತಟ್ಟಿದರು. “ಈ-ಈಗ.”

ಹುಡುಗಿ ಬಾಗಿಲು ತಳ್ಳಿದಳು. ಬಾಗಿಲು ತೆರೆಯಿತು. ಆಡು ಒಳಗೆ ಹೋಗಿ ಹಾಡು ಶುರು ಮಾಡಿತು.

“ಎಲ್ಲಪ್ಪಾ ನೀನು?” ಎಂದರು ಜೆರಾಕ್ಸ್ ಅಕ್ಕ.

“ಬ-ಬ-ಬರ್ತಾನೆ. ಇ-ಇನ್ನೊಂದು ಬಾಗಿಲು ಇ-ಇರಬೇಕು.”

ಇಂಟರ್ವಲ್ ಆಯಿತು. ಅವರು ಏಳಲಿಲ್ಲ, ಎಲ್ಲಿ ತಪ್ಪಿಹೋಗುತ್ತದೋ ಎಂದು. ಹುಡುಗಿಗೆ ಮೋಡ ಸಿಕ್ಕಿತು. ಆಡು ಮೋಡ ಹತ್ತಿತು. ಜನ ಸಿಳ್ಳೆ ಹೊಡೆದರು. ಹೆಸರುಗಳು ಮೇಲಕ್ಕೆ ಹರಿದವು, ಪರದೆ ಬಿಳಿಯಾಯಿತು, ಕಸ ಗುಡಿಸುವವರು ಒಳಗೆ ಬಂದರು. ಅಷ್ಟಾದರೂ ದೊಡ್ಡಪ್ಪ ಪರದೆಯನ್ನೇ ನೋಡುತ್ತಿದ್ದರು.

“ನಿದ್ದೆ ಹೋಗಿದ್ದ ಅನ್ಸತ್ತೆ ನಿನ್ನ ದೈತ್ಯ” ಎಂದರು ಕನ್ನಡಕದವರು. ಸಾಲಿಗೆ ಸಾಲೇ ನಕ್ಕಿತು. ದೊಡ್ಡಪ್ಪ ದೊಡ್ಡಮ್ಮನ ಕಡೆ ತಿರುಗಿದರು. ದೊಡ್ಡಮ್ಮ ನನ್ನ ಕಡೆ ತಿರುಗಿದರು. ನಾನು ಚಪ್ಪಲಿ ಹುಡುಕಿದೆ.

ಹೊರಗೆ ಮೆಟ್ಟಿಲ ಮೇಲೆ ಮೈಕು ಹಿಡಿದವನೊಬ್ಬ ಬಂದವರನ್ನೆಲ್ಲ ಅಡ್ಡಗಟ್ಟುತ್ತಿದ್ದ. ಹೊಸ ಅಂಗಿ ಕಂಡೋ ಏನೋ, ನೇರ ದೊಡ್ಡಪ್ಪನ ಹತ್ತಿರ ಬಂದ.

“ಸರ್, ಸಿನಿಮಾ ಹೇಗಿತ್ತು? ಒಂದೇ ಮಾತಲ್ಲಿ!”

ದೊಡ್ಡಪ್ಪ ಕಣ್ಣು ಮುಚ್ಚಿದರು. ಗದ್ದ ನಡುಗಿತು. “ಅ-ಅ-ಅ-ಅವ-ಅವನ...”

ಮೈಕಿನವನು ಎರಡು ಕ್ಷಣ ನಿಂತ. ಮೂರನೆಯದಕ್ಕೆ ಮೈಕು ನನ್ನ ಕಡೆ ತಿರುಗಿತು. “ಮೇಡಂ, ನೀವು ಹೇಳಿ!”

“ಸೂಪರ್!” ಎಂದೆ. ಬಾಯಿಗೆ ಬಂದದ್ದೇ ಅದು. “ಫುಲ್ ಫಾಸ್ಟು! ಎಲ್ಲೂ ಎಳೆದಿಲ್ಲ!”

ಆ ವೀಡಿಯೋವನ್ನು ನಮ್ಮ ಕ್ಲಾಸಿನವರೆಲ್ಲ ಹಂಚಿಕೊಂಡರು. ಹದಿನೆಂಟು ಸೆಕೆಂಡಿನದು. ನನ್ನ ಕೂದಲು ಚೆನ್ನಾಗಿ ಬಂದಿದೆ. ನನ್ನ ಭುಜದ ಹಿಂದೆ ದೊಡ್ಡಪ್ಪ ಇದ್ದಾರೆ, ಬಾಯಿ ತೆರೆದೇ ಇದೆ, ಇನ್ನೂ ಆ ‘ಅ’ದಲ್ಲೇ. ಎದುರಿಗೆ ದೊಡ್ಡಮ್ಮ ಅವರ ಮುಖವನ್ನೇ ನೋಡುತ್ತ ನಿಂತಿದ್ದಾರೆ. ಅವರು ಮಾತು ಮುಗಿಸುವ ಮುಂಚೆಯೇ ವೀಡಿಯೋ ಮುಗಿಯುತ್ತದೆ.

ಆವತ್ತು ಏನು ಹೇಳಲು ಹೊರಟಿದ್ದಿರಿ ಎಂದು ಕೇಳಿದರೆ ದೊಡ್ಡಪ್ಪ ಈಗಲೂ ಹೇಳುತ್ತಾರೆ. ಒಂದೇ ಮನೆಯಲ್ಲಿ ಇದ್ದೇವೆ. ನಾನು ಕೇಳಿಲ್ಲ. ಕೇಳಿದರೆ ಕಾಯಬೇಕಲ್ಲ.